ನಂಬಿದವರಿಗೆ ಮಾತ್ರ ರಕ್ಷಣೆನಾ, ಎಲ್ಲರಿಗೂನಾ?

ಪ್ರಶ್ನೆ (ದಾವಣಗೆರೆಯಿಂದ):
ಪಾಸ್ಟರ್ ಅವರಿಗೆ ವಂದನೆಗಳು. ನಾನು ಇಲ್ಲಿ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ನಮ್ಮ ಅತ್ತೆ ತೀರಿಕೊಂಡರು. ಹೆಂಡತಿಯ ತವರಿನವರು ಕ್ರೈಸ್ತರಲ್ಲ. ಅತ್ತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಕ್ಕಳನ್ನು ಸಾಕಿದವರು. ಕ್ರಿಸ್‌ಮಸ್‌ಗೆ ನಮ್ಮ ಜೊತೆ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಕೈ ಮುಗಿಯುತ್ತಿದ್ದರು, ಅಷ್ಟೇ. ದೀಕ್ಷಾಸ್ನಾನ ತಗೊಂಡವರಲ್ಲ.

ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲೇ ವಾದ ಶುರುವಾಯಿತು. ದೊಡ್ಡಪ್ಪನ ಮಗ ಬೈಬಲ್‌ನ ರೋಮಾಪುರ ಪತ್ರಿಕೆಯ 3:28 ಹಿಡಿದ. ನಂಬಿಕೆಯಿಂದ ಮಾತ್ರ ನೀತಿವಂತರಾಗುವುದು, ನಂಬದವರ ಕಥೆ ಮುಗಿದ ಹಾಗೆ ಅಂದ. ನನ್ನ ತಮ್ಮ ಅದೇ ಪತ್ರಿಕೆಯ 5:18 ತೆಗೆದ. ಆದಾಮನ ತಪ್ಪಿನಿಂದ ಎಲ್ಲರಿಗೂ ದಂಡನೆ ಬಂದ ಹಾಗೆ ಕ್ರಿಸ್ತನ ಒಂದು ಕಾರ್ಯದಿಂದ ಎಲ್ಲರಿಗೂ ಜೀವ ಅಂತ ಅಲ್ಲಿದೆ, ‘ಎಲ್ಲರೂ ಅಂದರೆ ಎಲ್ಲರೂ’ ಅಂದ. ಹೆಂಡತಿ ಅಡುಗೆಮನೆಯಲ್ಲಿ ನಿಂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಇಬ್ಬರಲ್ಲಿ ಯಾರು ಸರಿ?

ಉತ್ತರ (ನಿವೃತ್ತ ಸಭಾಪಾಲಕ, ಚಿತ್ರದುರ್ಗ):
ಮಣ್ಣು ಮಾಡಿದ ಸಂಜೆ ಆ ವಾದ ಬೇಕಿರಲಿಲ್ಲ. ಇದನ್ನು ಅಣ್ಣ ತಮ್ಮ ಇಬ್ಬರಿಗೂ ನನ್ನ ಹೆಸರಲ್ಲೇ ಹೇಳಿ.

ಈಗ ವಿಷಯ. ನೀವು ಲೆಕ್ಕ ಬರೆಯುವವರು, ಹಾಗಾಗಿ ನಿಮಗೆ ಇದು ಬೇಗ ಹಿಡಿಯುತ್ತದೆ. ರೋಮಾಪುರ 4ರಲ್ಲಿ ಆ ಪತ್ರಿಕೆ ಬರೆದ ಪೌಲ ಪೂರ್ತಿ ಖಾತೆ ಪುಸ್ತಕದ ಭಾಷೆಯಲ್ಲೇ ಮಾತಾಡುತ್ತಾನೆ. ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿ ಅಂತ ಜಮಾ ಆಯಿತು. ಆದಿಕಾಂಡ 15:6ರ ಮಾತು ಅದು. ಅಲ್ಲೇ ಪೌಲ ಇನ್ನೊಂದು ಮಾತು ಸೇರಿಸುತ್ತಾನೆ: ದುಡಿದವನಿಗೆ ಸಿಗುವ ಕೂಲಿ ದಾನವಲ್ಲ, ಅದು ಸಲ್ಲಬೇಕಾದದ್ದು. ನಿಮ್ಮ ಅಂಗಡಿಯ ಹಮಾಲಿ ಚೀಲ ಎಣಿಸಿ ದುಡ್ಡು ಕೇಳುತ್ತಾನಲ್ಲ, ಅವನಿಗೆ ಯಾರೂ ಉಪಕಾರ ಮಾಡುತ್ತಿಲ್ಲ. ದೇವರ ಕೃಪೆ ಹಾಗಲ್ಲ ಅನ್ನುವುದೇ ಪೌಲನ ವಾದ.

ನಿಮ್ಮ ಅಣ್ಣ ಎಡವಿದ್ದು ಇಲ್ಲೇ. ‘ನಾನು ನಂಬಿದೆ, ಅದಕ್ಕೆ ನನಗೆ ಸಿಕ್ಕಿತು. ಅವರು ನಂಬಲಿಲ್ಲ, ಅದಕ್ಕೆ ಸಿಗಲಿಲ್ಲ’ ಅಂದರೆ ನಂಬಿಕೆಯೂ ಒಂದು ಕೂಲಿ ಕೆಲಸವೇ ಆಯಿತಲ್ವಾ? ಚೀಲದ ಬದಲು ನಂಬಿಕೆ ಹೊತ್ತೆ ಅಂದ ಹಾಗೆ. ನಂಬಿಕೆ ಅಂದರೆ ಕೊಟ್ಟದ್ದನ್ನು ಇಸಕೊಳ್ಳುವ ಬರಿಗೈ. ಬರಿಗೈ ತೋರಿಸಿ ಜಂಬ ಪಡೋಕೆ ಆಗುತ್ತಾ?

ಅವರು ಒತ್ತಿ ಹೇಳಿದ ‘ಮಾತ್ರ’ ಅನ್ನುವ ಪದಕ್ಕೂ ಒಂದು ಕಥೆಯಿದೆ. ಮೂಲ ಗ್ರೀಕಿನಲ್ಲಿ 3:28ರಲ್ಲಿ ಆ ಪದ ಇಲ್ಲ. 1522ರಲ್ಲಿ, ಪ್ರಾಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ‘ಆಲೈನ್’, ಅಂದರೆ ‘ಮಾತ್ರ’, ಅಂತ ಸೇರಿಸಿದ. ವಿರೋಧಿಗಳು ಕೂಗಾಡಿದರು. 1530ರಲ್ಲಿ ಅವನು ಒಂದು ಬಹಿರಂಗ ಪತ್ರ ಬರೆದು, ಜನ ಹಾಗೇ ಮಾತಾಡುತ್ತಾರೆ, ಬೇಕಾದರೆ ಸಂತೆಯಲ್ಲಿ ಹೋಗಿ ಕೇಳಿ ಅಂದ. ಅವನು ಕೊಟ್ಟ ಉದಾಹರಣೆ ನಿಮ್ಮ ಎಪಿಎಂಸಿಯಲ್ಲೂ ನಡೆಯುತ್ತದೆ: ‘ರೈತ ಬರೀ ಕಾಳು ತಂದ, ದುಡ್ಡು ತರಲಿಲ್ಲ.’ ಆ ‘ಬರೀ’ ಇಲ್ಲದಿದ್ದರೆ ಮಾತಿಗೆ ಖಾರ ಇರಲ್ಲ. ಭಾಷೆಯ ಮಟ್ಟಿಗೆ ಲೂಥರ್ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ‘ನಂಬಿಕೆಯಿಂದ ಮಾತ್ರ’ ಅನ್ನುವ ಮಾತು ಬೈಬಲ್‌ನಲ್ಲಿ ಬರುವ ಒಂದೇ ಜಾಗ ಯಾಕೋಬ 2:24. ಅಲ್ಲಿರುವುದು ‘ನಂಬಿಕೆಯಿಂದ ಮಾತ್ರವೇ ಅಲ್ಲ, ಕ್ರಿಯೆಗಳಿಂದಲೂ’ ಅಂತ! ಲೂಥರ್‌ಗೆ ಯಾಕೋಬನ ಪತ್ರಿಕೆ ಅಷ್ಟಕ್ಕಷ್ಟೇ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈ ಜಗಳದಲ್ಲೇ ಕ್ರೈಸ್ತ ಸಭೆ ಒಡೆಯಿತು. 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಕ್ಯಾಥೊಲಿಕರು ತಮ್ಮ ಉತ್ತರ ಬರೆದರು: ದೇವರು ಬರೀ ನೀತಿವಂತ ಅಂತ ತೀರ್ಪು ಕೊಟ್ಟು ಸುಮ್ನಾಗಲ್ಲ, ಮನುಷ್ಯನನ್ನು ಒಳಗಿಂದ ಹೊಸಬನನ್ನಾಗಿ ಮಾಡುತ್ತಾನೆ ಅಂತ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು, ಕ್ಯಾಥೊಲಿಕರು ಒಂದೇ ಮೇಜಿನಲ್ಲಿ ಕೂತು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುವುದು ಅನ್ನುವುದಕ್ಕೆ ಇಬ್ಬರೂ ಒಪ್ಪಿದರು. 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು.

ಇನ್ನು ನಿಮ್ಮ ತಮ್ಮ. ಅವನ ಮಾತು ಹೊಸದಲ್ಲ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಒರಿಗೆನ್, ಕೊನೆಗೆ ಎಲ್ಲವೂ ದೇವರ ಹತ್ತಿರ ತಿರುಗಿ ಬರುತ್ತದೆ ಅಂತ ಆಸೆಪಟ್ಟವನು. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಒರಿಗೆನ್‌ನನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ ಹೆಚ್ಚುಕಮ್ಮಿ ಅದನ್ನೇ ಹೇಳಿದ. ಅವನನ್ನು ಇವತ್ತಿಗೂ ಸಂತ ಅಂತಲೇ ಕರೆಯುತ್ತಾರೆ. ಇದು ನನಗೆ ಯಾವಾಗಲೂ ತಮಾಷೆ ಅನಿಸುತ್ತದೆ.

1770ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜಾನ್ ಮರ್ರೆ ಅನ್ನುವ ಬೋಧಕನ ಕಡೆಯವರು ನಿಮ್ಮ ಅಣ್ಣನ ‘ನಂಬಿಕೆ’, ತಮ್ಮನ ‘ಎಲ್ಲರೂ’ ಎರಡನ್ನೂ ಸೇರಿಸಿಬಿಟ್ಟರು. ಎಲ್ಲರೂ ಕ್ರಿಸ್ತನಲ್ಲಿ ಆಗಲೇ ನೀತಿವಂತರು, ನಂಬಿಕೆ ಅಂದರೆ ಆ ಸುದ್ದಿ ಕಿವಿಗೆ ಬೀಳುವುದು ಅಷ್ಟೇ ಅಂತ. ನಮ್ಮ ಕಡೆಯ ಮಾತಲ್ಲಿ ಹೇಳಬೇಕೆಂದರೆ ಸಾಲ ಮನ್ನಾ. ರೈತನ ಸಾಲ ಮನ್ನಾ ಆಗಿದೆ, ಅವನಿಗೆ ಗೊತ್ತಿಲ್ಲ. ಬ್ಯಾಂಕಿನವರ ಬೈಕ್ ಸದ್ದು ಕೇಳಿದರೆ ಹಿತ್ತಲಿಗೆ ಓಡುತ್ತಾನೆ. ಸುದ್ದಿ ತಿಳಿದ ದಿನ ನಿದ್ದೆ ಮಾಡುತ್ತಾನೆ. ಮನ್ನಾ ಆದದ್ದು ಅವನು ತಿಳಿದುಕೊಂಡದ್ದಕ್ಕಲ್ಲ.

ಚೆನ್ನಾಗಿದೆ. ಆದರೆ 5:18 ಓದುವವರು ಅದರ ಮೇಲಿನ ವಚನ ಹಾರಿಸುತ್ತಾರೆ. 5:17ರಲ್ಲಿ ‘ಹೊಂದುವವರು’ ಅಂತ ಇದೆ, ಅಂದರೆ ಇಸಕೊಳ್ಳುವವರು. ನಿಮ್ಮ ಅಣ್ಣ 17 ಓದಿ 18 ಮುಚ್ಚುತ್ತಾರೆ, ತಮ್ಮ 18 ಓದಿ 17 ಮುಚ್ಚುತ್ತಾನೆ. ಜೊತೆಗೆ ಮತ್ತಾಯ 25:46 ಇದೆ. ಅಲ್ಲಿ ‘ನಿತ್ಯ ದಂಡನೆ’, ‘ನಿತ್ಯ ಜೀವ’ ಎರಡರಲ್ಲೂ ‘ನಿತ್ಯ’ ಅನ್ನುವುದಕ್ಕೆ ಒಂದೇ ಗ್ರೀಕ್ ಪದ, ‘ಅಯೋನಿಯೊಸ್’. ದಂಡನೆಗೆ ಕೊನೆ ಇದೆ ಅಂದರೆ ಜೀವಕ್ಕೂ ಕೊನೆ ಇದೆ ಅನ್ನಬೇಕಾಗುತ್ತದೆ ಅಂತ ಹಳೆಯ ಕಾಲದ ಸಭಾಗುರು ಅಗಸ್ಟಿನ್ ಆಗಲೇ ಹಿಡಿದಿದ್ದ. ಆ ಪದಕ್ಕೆ ‘ಬರುವ ಯುಗದ’ ಅಂತಷ್ಟೇ ಅರ್ಥ ಅನ್ನುವವರೂ ಇದ್ದಾರೆ. ಪೂರ್ತಿ ತೀರಿದ ವ್ಯಾಜ್ಯ ಅಲ್ಲ.

ನನ್ನನ್ನು ಕೇಳಿದರೆ, ಎಲ್ಲರೂ ಉಳಿಯಲಿ ಅಂತ ಪ್ರಾರ್ಥಿಸುತ್ತೇನೆ. 1 ತಿಮೊಥೆ 2:4ರಲ್ಲಿ ದೇವರ ಇಷ್ಟವೂ ಅದೇ. ಉಳಿಯುತ್ತಾರೆ ಅಂತ ಪ್ರಸಂಗಪೀಠದಿಂದ ಹೇಳಲಾರೆ. ನಿಮ್ಮ ಅತ್ತೆ ನರಕದಲ್ಲಿದ್ದಾರೆ ಅಂತಂತೂ ಹೇಳಲಾರೆ. ಆ ತೀರ್ಪು ನನ್ನ ಕೈಯಲ್ಲೂ ಇಲ್ಲ, ನಿಮ್ಮ ಅಣ್ಣನ ಕೈಯಲ್ಲೂ ಇಲ್ಲ.

ಇನ್ನೊಬ್ಬರು:
ಪಾಸ್ಟರ್, ಎಲ್ಲರಿಗೂ ಪುಕ್ಕಟೆ ಅಂದರೆ ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಆಗಲ್ವಾ? ನಾವ್ಯಾಕೆ ಕಷ್ಟಪಟ್ಟು ನೆಟ್ಟಗೆ ಬದುಕಬೇಕು?

ಉತ್ತರ:
ಪೌಲನಿಗೂ ಇದೇ ಪ್ರಶ್ನೆ ಎದುರಾಗಿತ್ತು, ರೋಮಾಪುರ 6:1 ನೋಡಿ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ ಅಂತ. ‘ಎಂದಿಗೂ ಇಲ್ಲ’ ಅಂದ. ಕೃಪೆ ಸಾರಿದ ಮೇಲೆ ಯಾರೂ ಈ ಪ್ರಶ್ನೆ ಕೇಳಲಿಲ್ಲ ಅಂದರೆ ನಾನು ಸರಿಯಾಗಿ ಸಾರಿಲ್ಲ ಅಂತ ಅರ್ಥ.

ಹರಿಹರದಿಂದ ಒಬ್ಬರು:
ನಾವು ಕ್ಯಾಥೊಲಿಕರು, ಆರೋಗ್ಯ ಮಾತೆ ಚರ್ಚಿಗೆ ಹೋಗುವವರು. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದಿದ್ದರೂ ಪ್ರಾಮಾಣಿಕವಾಗಿ ದೇವರನ್ನು ಹುಡುಕುವವರು ರಕ್ಷಣೆ ಹೊಂದಬಹುದು ಅಂತ 1964ರಲ್ಲೇ ನಮ್ಮ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದೆ.

ಉತ್ತರ:
ಹೌದು, ಆ ಮಹಾಸಭೆಯ ‘ಲುಮೆನ್ ಜೆಂಟಿಯಂ’ ಅನ್ನುವ ದಾಖಲೆಯ 16ನೇ ಭಾಗದಲ್ಲಿದೆ. ‘ಹೊಂದಬಹುದು’ ಅನ್ನುವುದು ಗಮನಿಸಿ, ‘ಹೊಂದೇ ಹೊಂದುತ್ತಾರೆ’ ಅಂತ ಅವರೂ ಬರೆದಿಲ್ಲ. ಪ್ರಾಟೆಸ್ಟಂಟರಲ್ಲಿ ಇದಕ್ಕೆ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನು ಒಪ್ಪುವವನು.

ಪ್ರಶ್ನೆ ಕೇಳಿದವರು:
ಉತ್ತರ ಹೆಂಡತಿಗೆ ಓದಿ ಹೇಳಿದೆ. ಒಂದೇ ಕೇಳಿದಳು: ಭಾನುವಾರದ ಆರಾಧನೆಯಲ್ಲಿ ಅವ್ವನ ಹೆಸರು ಓದಿಸಬಹುದಾ ಅಂತ.

ಉತ್ತರ:
ಖಂಡಿತ. ಸತ್ತವರಿಗಾಗಿ ಬೇಡಿಕೊಳ್ಳುವ ರೂಢಿ ನಮ್ಮಲ್ಲಿ ಕಮ್ಮಿ, ಅದು ಕ್ಯಾಥೊಲಿಕರಲ್ಲಿ ಜಾಸ್ತಿ. ಸ್ತುತಿ ಪ್ರಾರ್ಥನೆಯಲ್ಲಿ ಹೆಸರು ಹೇಳಿ ದೇವರಿಗೆ ವಂದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಚೀಟಿಯಲ್ಲಿ ಬರೆದು ಆರಾಧನೆಗೆ ಮುಂಚೆ ನಿಮ್ಮ ಸಭಾಪಾಲಕರ ಕೈಗೆ ಕೊಡಿ. ಅಕ್ಷರ ದಪ್ಪಗೆ ಬರೆಯಿರಿ, ಕನ್ನಡಕ ಮರೆತು ಬರುವವರು ನಾವೇ ಜಾಸ್ತಿ.