ಮಂತ್ರಿಸಿದ್ದನ್ನ ಗುಜರಿಗೆ ಹಾಕ್ಬೇಡ ಮಗಳೇ

ಮಗಳೇ, ಬೆಳಿಗ್ಗೆ ಪೂಜೆ ಮುಗಿಸ್ಕೊಂಡು ಬಂದು ನಿನ್ನ ಮೆಸೇಜು ನೋಡಿದೆ. ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಮಾತಾಡಿ ಕಳಿಸ್ತಿದೀನಿ, ಪೂರ್ತಿ ಕೇಳು. ಹಳೇ ಮನೆ ಅಟ್ಟದಲ್ಲಿ ಟ್ರಂಕ್ ಸಿಕ್ತು, ತಲೆ ಮುರಿದ ಮೇರಿಮಾತೆ ಸ್ವರೂಪ ಅಂದ್ರೆ ಮೂರ್ತಿ, ಕಿತ್ತುಹೋದ ಜಪಸರ, ಗರಿಗಳ ಭಾನುವಾರ ಚರ್ಚಲ್ಲಿ ಕೊಟ್ಟ ಒಣಗಿದ ತೆಂಗಿನ ಗರಿ, ಗೆದ್ದಲು ತಿಂದ ಪ್ರಾರ್ಥನೆ ಪುಸ್ತಕ, ವೇಳಾಂಗಣಿ ತೀರ್ಥದ ಬಾಟ್ಲು ಎಲ್ಲಾ ಇದೆ, ಕಸದ ಗಾಡಿಗೆ ಹಾಕಿದ್ರೆ ಪಾಪ ಬರುತ್ತಾ ಅತ್ತೆ ಅಂತ ಕೇಳಿದೀಯ. ಅದರ ಕೆಳಗೆ ನಿಮ್ಮ ಚಿಕ್ಕಪ್ಪ "ಗುಜರಿಯವನಿಗೆ ಕೊಟ್ಬಿಡು" ಅಂತ ಹಾಕಿದಾನೆ. ಓದಿ ಎದೆ ಧಸಕ್ ಅಂತು.

ಬೇಡ ಮಗಳೇ. ಅವೆಲ್ಲ ಮಂತ್ರಿಸಿದ್ದು, ಅಂದ್ರೆ ಪಾದ್ರಿ ಗುರುಗಳು ಆಶೀರ್ವಾದ ಮಾಡಿದ್ದು, ಗುಜರಿಗೆ ಮಾತ್ರ ಕೊಡ್ಬೇಡ.

1987ರಲ್ಲಿ ನಮ್ಮನೆಗೆ ತಾರಸಿ ಹಾಕಿಸಿದ್ವಲ್ಲ, ನಿಮ್ಮಪ್ಪ ಬಂದು ಒಂದು ವಾರ ಇದ್ದ. ಸುಣ್ಣ ಹೊಡೆಸೋಕೆ ಅಂತ ಗೋಡೆ ಮೇಲಿದ್ದಿದ್ದನ್ನೆಲ್ಲ ಇಳಿಸಿದ್ದೆ. ಒಂದು ಗೋಣಿಚೀಲ ಹಳೇ ಕಬ್ಬಿಣ, ಇನ್ನೊಂದು ಚೀಲ ಹಳೇ ಪಟಗಳು. ಗುಜರಿಯವನು ಬಂದಾಗ ಎರಡೂ ಚೀಲ ನನ್ನ ಕೈಯಾರೆ ಎತ್ತಿಕೊಟ್ಟೆ. ಗಾಜು ಒಡೆದಿದೆ, ಹೊಸದು ತಂದ್ರಾಯ್ತು ಅಂದ್ಕೊಂಡೆ. ನಮ್ಮತ್ತೇನ ಒಂದು ಮಾತು ಕೇಳಲಿಲ್ಲ.

ಆಮೇಲೆ ಸೆಪ್ಟೆಂಬರ್ 8 ಬಂತು, ಮಾತೆ ಹುಟ್ಟಿದ ಹಬ್ಬ. ನಾನೂ ನಮ್ಮತ್ತೇನೂ ಕಾವಿ ಸೀರೆ ಉಟ್ಕೊಂಡು ಶಿವಾಜಿನಗರದ ತೇರಿಗೆ ನಡ್ಕೊಂಡು ಹೋಗ್ತಿದ್ವಿ. ದಾರೀಲಿ ಒಂದು ಟೀ ಗಾಡಿ. ಪಕ್ಕದಲ್ಲಿ ಇಟ್ಟಿಗೆ ಮೇಲೆ ಹಲಗೆ ಇಟ್ಟು ಎಂಜಲು ಗ್ಲಾಸು ಜೋಡಿಸಿದ್ದ. ನಮ್ಮತ್ತೆ ನಿಂತೇಬಿಟ್ರು. ನೋಡ್ತೀನಿ, ನಮ್ಮ ತಿರುಹೃದಯದ ಪಟ! ಯೇಸುಸ್ವಾಮಿ ಎದೆ ಮೇಲೆ ಉರಿಯೋ ಹೃದಯ ಇರುತ್ತಲ್ಲ, ಸರಿಯಾಗಿ ಅದರ ಮೇಲೇ ಗ್ಲಾಸಿನ ತಳದ ದುಂಡು ಕಲೆ, ಸಕ್ಕರೆಗೆ ಇರುವೆ ಮುತ್ಕೊಂಡಿತ್ತು. ತಿರುಗಿಸಿದ್ರೆ ಹಿಂದುಗಡೆ ನಮ್ಮ ಮಾವನ ಕೈಬರಹ, ಪಟ ಮಂತ್ರಿಸಿ ಮನೇಲಿ ಸ್ಥಾಪನೆ ಮಾಡಿದ ವರ್ಷ, 1956. ಟೀಯವನದ್ದು ಏನೂ ತಪ್ಪಿಲ್ಲ, ಅವನಿಗೆ ಅದು ಬರೀ ಹಲಗೆ. ಕೇಳಿದ ತಕ್ಷಣ ಗ್ಲಾಸೆಲ್ಲ ಇಳಿಸಿ ಕೊಟ್ಟ, ದುಡ್ಡೂ ತಗೊಳ್ಳಲಿಲ್ಲ. ನಮ್ಮತ್ತೆ ನನ್ನ ಬೈಲಿಲ್ಲ. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದ್ರು, ಕಂಕುಳಲ್ಲಿ ಇಟ್ಕೊಂಡು ತೇರು ಮುಗಿಯೋವರೆಗೂ ನಡೆದ್ರು. ಬೈದಿದ್ರೆ ನಂಗೆ ಇಷ್ಟು ವರ್ಷ ಚುಚ್ತಿರಲಿಲ್ಲ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಚಿಕ್ಕಪ್ಪನಿಗೂ ಕೇಳಿಸ್ಲಿ: ಮಂತ್ರಿಸಿದ್ದನ್ನ ಗುಜರಿಗೆ ಹಾಕ್ಬೇಡಿ. ನಿಮ್ಮ ಕೈ ಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತೆ, ಯಾರ ಕಾಲಡಿ ಬೀಳುತ್ತೆ ಅಂತ ಹೇಳೋಕಾಗಲ್ಲ.

ಮತ್ತೆ ಮನೆ ಕೆಡವ್ತಿದೀರ ಅನ್ನೋದು ನಂಗೆ ಈ ಗ್ರೂಪಲ್ಲಿ ಗೊತ್ತಾಗ್ಬೇಕಾ? ನಾನು ಹುಟ್ಟಿದ ಮನೆ ಅದು. ಪಾಲು ಮಾಡ್ಕೊಂಡಾಗ ತೇಗದ ಮಂಚ ಒಬ್ಬ ತಗೊಂಡ, ಹಿತ್ತಾಳೆ ಹಂಡೆ ಒಬ್ಬಳು ತಗೊಂಡ್ಳು, ಪೀಠದ ಮೇಲಿನ ಸ್ವರೂಪಗಳು ನಂಗಿರಲಿ ಅಂತ ಒಬ್ರೂ ಅನ್ನಲಿಲ್ಲ. ಅವತ್ತು ಕೇಳಿದ್ರೆ ನಾನು ತಗೊಳ್ತಿರಲಿಲ್ವಾ? ಸಂಜೆ ಏಳಕ್ಕೆ ಅಪ್ಪ ಜಪಸರ ಶುರು ಮಾಡಿದ್ರೆ ಒಲೆ ಮೇಲೆ ಅನ್ನ ಇದ್ರೂ ಎದ್ದು ಹೋಗೋ ಹಾಗಿರಲಿಲ್ಲ. ಈಗ ಯಾರ ಮನೇಲಿ ಮಂಡಿಯೂರ್ತಾರೆ ಹೇಳು.

ಹ್ಞಾಂ, ನೀನು ಕೇಳಿದ್ದು ಏನ್ಮಾಡ್ಬೇಕು ಅಂತ ಅಲ್ವಾ. ಸುಡಬೇಕು, ಇಲ್ಲಾ ಹೂಳಬೇಕು, ಅಷ್ಟೇ. ಪುಸ್ತಕ, ಪಟ, ಕೊರಳಿಗೆ ಹಾಕೋ ಬಟ್ಟೆ ಉತ್ತರಿಕೆ, ಇವನ್ನ ಕಸದ ಜೊತೆ ಸೇರಿಸದೆ ಬೇರೆಯಾಗಿ ಸುಟ್ಟು, ಬೂದೀನ ಯಾರೂ ತುಳಿಯದ ಜಾಗದಲ್ಲಿ ಮಣ್ಣಿಗೆ ಹಾಕು. ಸ್ವರೂಪಾನ ಗುರುತು ಸಿಗದ ಹಾಗೆ ಸಣ್ಣಗೆ ಒಡೆದು ಆಳವಾಗಿ ಹೂಳು. ಒಡೆಯೋಕೆ ಭಯಪಡ್ಬೇಡ, ಪ್ರಾರ್ಥನೆ ಮಾಡಿ ಒಡಿ, ಅದು ಅವಮಾನ ಅಲ್ಲ. ಕೆರೆಗೆ ಬಿಡ್ಬೇಡ. ಪ್ಲಾಸ್ಟಿಕ್ ಮಣಿ ಸುಡ್ಬೇಡ, ಹೂಳು. ತೀರ್ಥಾನ ಸಿಂಕಿಗೆ ಸುರೀಬೇಡ, ಗಿಡದ ಬುಡಕ್ಕೆ ಹಾಕು. ಎಷ್ಟೋ ಗುಡೀಲೂ, ಅಂದ್ರೆ ಚರ್ಚಲ್ಲೂ ಹಾಗೇನೇ, ಪೂಜೆ ಪಾತ್ರೆ ತೊಳೆಯೋಕೆ ಬೇರೆ ತೊಟ್ಟಿ ಇರುತ್ತೆ, ಅದರ ನೀರು ಚರಂಡಿಗೆ ಹೋಗಲ್ಲ, ನೇರ ಮಣ್ಣಿಗೆ. ಗರೀನ, ಉಪವಾಸ ಕಾಲ ಶುರುವಾಗೋ ಬೂದಿ ಬುಧವಾರಕ್ಕೆ ಮುಂಚೆ ಗುಡಿಗೆ ಕೊಡು, ಹಣೆಗೆ ಹಚ್ಚೋ ಬೂದಿ ಅದರಿಂದಲೇ ಮಾಡೋದು. ಜಪಸರ ದಾರ ಮಾತ್ರ ಕಿತ್ತಿದ್ರೆ ಪೋಣಿಸಿ ಯಾರಿಗಾದ್ರೂ ಕೊಡು.

ನಾನು ಉಪದೇಶಿ ಆಗಿ ಧರ್ಮಪಾಠ ಹೇಳ್ಕೊಡ್ತಿದ್ದಾಗ ಗುರುಗಳು ಕಥೋಲಿಕ ಧರ್ಮಸಭೆಯ 1983ರ ಕಾನೂನು ಪುಸ್ತಕ ತೆಗೆದು 1171ನೇ ಕಾನೂನು ಓದಿ ಹೇಳಿದ್ರು: ಮಂತ್ರಿಸಿದ ವಸ್ತು ಮನೆಯವರ ಸ್ವಂತದ್ದೇ ಆಗಿದ್ರೂ ಗೌರವದಿಂದ ಕಾಣಬೇಕು, ಬೇರೆ ಕೆಲಸಕ್ಕೆ ಬಳಸಬಾರದು ಅಂತ. ಸುಡೋದು ಹೂಳೋದು ಹಿಂದಿನಿಂದ ಬಂದ ಪದ್ಧತಿ. ಅಪಾರ್ಟ್‌ಮೆಂಟಲ್ಲಿ ಮಣ್ಣಿಲ್ಲ ಅಂದ್ರೆ ಗುರುಗಳನ್ನ ಕೇಳಿ ಗುಡಿಗೆ ಕೊಡು. ಕೇಳದೆ ಗುಡಿ ಆವರಣದ ಮಾತೆ ಗವಿ ಹತ್ರ ಇಟ್ಟು ಓಡ್ಬರಬೇಡ.

ಟ್ರಂಕ್ ತಳದಲ್ಲಿ ಕಪ್ಪು ಮರದ ಶಿಲುಬೆ ಇದೆಯಾ ನೋಡು. ನಿಮ್ಮಜ್ಜಿ ಕೊನೇ ಉಸಿರಲ್ಲಿ ಹಿಡ್ಕೊಂಡಿದ್ದು ಅದನ್ನೇ. ಮುರಿದಿದ್ರೂ ಹೂಳ್ಬೇಡ. ಭಾನುವಾರ ಹತ್ತು ಗಂಟೆ ಪೂಜೆ ಆದ್ಮೇಲೆ ನಾನೇ ಬಂದು ತಗೊಂಡು ಹೋಗ್ತೀನಿ.