ಜಪಾನಿನ ತಂತ್ರಜ್ಞರನ್ನು ನೇಮಿಸಿಕೊಳ್ಳುವ ಬಗೆ ಹೇಗೆ?

ವೇಮಗಲ್ ಘಟಕ:
ಮಾನ್ಯರೇ, ಕೋಲಾರದ ವೇಮಗಲ್ ಕೈಗಾರಿಕಾ ಪ್ರದೇಶದ ನಮ್ಮ ಡೈ-ಮೌಲ್ಡ್ ಘಟಕಕ್ಕೆ ಜಪಾನಿನ ಪರಿಣತರೊಬ್ಬರನ್ನು ಎರಡು ವರ್ಷಕ್ಕೆ ನೇಮಿಸಿಕೊಳ್ಳಬೇಕೆಂದಿದ್ದೇವೆ. ಈಗ ಬಿಸಿನೆಸ್ ವೀಸಾದಲ್ಲಿ ಬಂದುಹೋಗುತ್ತಿರುವ ಅವರನ್ನು ಅದರಲ್ಲೇ ಮುಂದುವರಿಸಬಹುದೇ?

ಕೋಲಾರದ ಲೆಕ್ಕಿಗ:
ಇಲ್ಲ ಸರ್, ನೌಕರಿಗೆ ಉದ್ಯೋಗ ವೀಸಾವೇ ಬೇಕು. ಅವರು ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು. ನೇಮಕಾತಿ ಒಪ್ಪಂದ ಹಾಗೂ ಕಂಪನಿಯ ನೋಂದಣಿ ದಾಖಲೆಗಳ ಜೊತೆಗೆ, ಈ ಕೆಲಸಕ್ಕೆ ಅವರೇ ಏಕೆ ಬೇಕೆಂಬ ಸಮರ್ಥನಾ ಪತ್ರವನ್ನು ನೀವು ಕೊಡಬೇಕು. ಅರ್ಹ ಭಾರತೀಯರು ಹೇರಳವಾಗಿ ಸಿಗುವ ಹುದ್ದೆಗೂ ಗುಮಾಸ್ತಿಕೆಯಂಥ ಮಾಮೂಲಿ ಕೆಲಸಕ್ಕೂ ಈ ವೀಸಾ ಕೊಡುವುದಿಲ್ಲವಾದ್ದರಿಂದ, ಅವರ ಅನುಭವವನ್ನೂ ನಿಮ್ಮ ಯಂತ್ರಗಳ ಅಗತ್ಯವನ್ನೂ ಆ ಪತ್ರದಲ್ಲಿ ಬಿಡಿಸಿ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಅರ್ಜಿಯ ಜೀವಾಳವೇ ಅದು. ವಾರ್ಷಿಕ ಸಂಬಳವು 16.25 ಲಕ್ಷ ರೂಪಾಯಿ ಮೀರಿರಬೇಕೆಂಬ ನಿಯಮವೂ ಇದೆ. ಭಾಷಾಂತರಕಾರರು, ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿಯಿದೆ.

ನರಸಾಪುರದ ಎಚ್‌ಆರ್:
ವೀಸಾ 180 ದಿನ ಮೀರಿದ್ದರೆ, ಬಂದ 14 ದಿನಗಳೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ನೋಂದಣಿ ಕಡ್ಡಾಯ. ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು.

ವೇಮಗಲ್ ಘಟಕ:
ಧನ್ಯವಾದಗಳು. ಭವಿಷ್ಯನಿಧಿಯ ವಿಚಾರ ಹೇಗೆ?

ಕೋಲಾರದ ಲೆಕ್ಕಿಗ:
ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಜಪಾನಿನ ಕಂಪನಿಯೇ ಕಳುಹಿಸಿದ ನೌಕರರು ಅಲ್ಲಿನ ಸಾಮಾಜಿಕ ಭದ್ರತಾ ಯೋಜನೆಯಲ್ಲಿದ್ದಾರೆಂದು ತೋರಿಸುವ ವ್ಯಾಪ್ತಿ ಪ್ರಮಾಣಪತ್ರ ತಂದರೆ ಇಲ್ಲಿ ಭವಿಷ್ಯನಿಧಿಗೆ ವಂತಿಗೆ ಕಟ್ಟಬೇಕಿಲ್ಲ. ನೀವೇ ನೇರವಾಗಿ ನೇಮಿಸಿಕೊಂಡವರಿಗೆ ಈ ಅನುಕೂಲ ದೊರೆಯದು.