18 ಕಿ.ಮೀ. ದಾಟಿದರೆ ವಾಂತಿ. ತಪ್ಪು ಜೆಲ್‌ದಾ, ಹೊಟ್ಟೆದಾ?

ಸುಸ್ತಾದ ಆಮೆ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೈಕೋಬೇಡಿ.

ನನಗೆ 38 ವರ್ಷ, 74 ಕೆ.ಜಿ., ಮನೆ ಬೆಂಗಳೂರಿನ ಪದ್ಮನಾಭನಗರ. ನಾಲ್ಕು ವರ್ಷದಿಂದ ರಸ್ತೆಯಲ್ಲಿ ಓಡುತ್ತಿದ್ದೇನೆ. ಹಾಫ್ ಮ್ಯಾರಥಾನ್ (21 ಕಿ.ಮೀ.) ಐದಾರು ಆಗಿವೆ, ಒಂದರಲ್ಲೂ ಹೊಟ್ಟೆ ಕೈಕೊಟ್ಟಿಲ್ಲ. ಎಂಟು ತಿಂಗಳ ಹಿಂದೆ ಟ್ರೇಲ್, ಅಂದರೆ ಮಣ್ಣುದಾರಿ, ಬೆಟ್ಟದಲ್ಲಿ ಓಡುವ ಹುಚ್ಚು ಹತ್ತಿತು. ವಾರದ ದಿನಗಳಲ್ಲಿ ತುರಹಳ್ಳಿ ಕಡೆ, ಭಾನುವಾರ ಕನಕಪುರ ರಸ್ತೆಯ ಆಚೆ ಹಳ್ಳಿಗಳ ಮಣ್ಣುದಾರಿ, ಆಗೊಮ್ಮೆ ಈಗೊಮ್ಮೆ ನಂದಿ ಬೆಟ್ಟ. ನವೆಂಬರ್‌ನಲ್ಲಿ 30 ಕಿ.ಮೀ. ರೇಸ್‌ಗೆ ಹೆಸರು ಕೊಟ್ಟಿದ್ದೇನೆ.

ಕಷ್ಟ ಏನಪ್ಪಾ ಅಂದ್ರೆ, ಸರಿಯಾಗಿ 18 ಕಿ.ಮೀ. ಹತ್ತಿರ ಬಂದಾಗ ಹೊಟ್ಟೆ ಗುಳುಗುಳು ಅನ್ನುತ್ತದೆ. ಐದು ನಿಮಿಷಕ್ಕೆ ಬಾಯಲ್ಲಿ ನೀರೂರುತ್ತದೆ, ಆಮೇಲೆ ವಾಂತಿ. ಹೋದ ಭಾನುವಾರ ಒಂದು ನೀಲಗಿರಿ ತೋಪಿನ ಪಕ್ಕ ಮೋರಿ ಕಟ್ಟೆ ಮೇಲೆ ಕೂತು ಕಕ್ಕಿದೆ. ಅರ್ಧ ಗಂಟೆ ಹಿಂದೆ ತಿಂದ ಜೆಲ್ (ಶಕ್ತಿಗೆ ಅಂತ ಓಡುತ್ತಾ ತಿನ್ನುವ ಸಿಹಿ ಪಾಕದ ಪೊಟ್ಟಣ) ಇದ್ದ ಹಾಗೇ ಆಚೆ ಬಂತು. ಕುರಿ ಹೊಡ್ಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿ, "ಏನಪ್ಪಾ, ರಾತ್ರಿ ಜಾಸ್ತಿ ಆಯ್ತಾ?" ಅಂದರು. ಬೆಳಿಗ್ಗೆ ಎಂಟೂವರೆಗೆ ಮೈಗಂಟಿದ ಬಟ್ಟೆ ಹಾಕಿಕೊಂಡು ಕೂತವನಿಗೆ ಇನ್ನೇನು ಹೇಳಬೇಕು ಪಾಪ.

ಬೆನ್ನಿಗೆ ಹಾಕುವ ವೆಸ್ಟ್‌ನಲ್ಲಿ ಅರ್ಧ ಲೀಟರಿನ ಎರಡು ಸಾಫ್ಟ್ ಫ್ಲಾಸ್ಕ್ (ಚೀಲದಂಥ ಮೆತ್ತನೆ ಬಾಟಲಿ). ಎರಡರಲ್ಲೂ ಓಆರ್‌ಎಸ್, ಹಾಗಾಗಿ ಉಪ್ಪಿಗೆ ಕೊರತೆ ಇಲ್ಲ. 40 ನಿಮಿಷಕ್ಕೊಂದು ಜೆಲ್, ಒಂದರಲ್ಲಿ 25 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್). ವಿಚಿತ್ರ ಅಂದ್ರೆ ಕುಡಿದಷ್ಟೂ ಬಾಯಾರಿಕೆ. ಮೂರು ಬ್ರ್ಯಾಂಡ್ ಜೆಲ್ ಬದಲಾಯಿಸಿ ನೋಡಿದೆ, ದುಡ್ಡು ಹೋಯಿತೇ ಹೊರತು ಬೇರೇನೂ ಆಗಲಿಲ್ಲ. ನನ್ನ ಹೊಟ್ಟೆಗೇ ಜೆಲ್ ಆಗಿಬರಲ್ವಾ?

ನಾಲ್ಕನೇ ಬ್ಲಾಕ್:

ರಾತ್ರಿ ಏನು ತಿಂದಿದ್ರಿ ಸಾರ್? ನನಗೂ ಹೀಗೇ ಆಗುತ್ತಿತ್ತು. ಶನಿವಾರ ರಾತ್ರಿ ಹುರುಳಿ ಸಾರು, ಮೊಳಕೆ ಕಾಳಿನ ಪಲ್ಯ ಬಿಟ್ಟೆ, ಸರಿ ಹೋಯಿತು. ನಾರಿನ ಅಂಶ ಜಾಸ್ತಿ ಇದ್ದರೆ ಬೆಳಿಗ್ಗೆ ಹೊಟ್ಟೆ ಕುಣಿಯುತ್ತೆ.

ಸುಸ್ತಾದ ಆಮೆ:

ಎಂಟು ಗಂಟೆಗೆ ಅನ್ನ, ತಿಳಿಸಾರು, ಅಷ್ಟೇ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎರಡು ಇಡ್ಲಿ, ಅರ್ಧ ಲೋಟ ಕಾಫಿ. ಹಾಫ್ ಮ್ಯಾರಥಾನ್ ದಿನವೂ ಇದೇ ತಿಂಡಿ, ಆಗ ಏನೂ ಆಗಿಲ್ಲ.

ಬೆಟ್ಟದ ಹಾದಿ:

ಇಡ್ಲಿನ ಬಿಟ್ಟುಬಿಡಿ, ಅದರ ತಪ್ಪಲ್ಲ. ನಾಲ್ಕು ಪ್ರಶ್ನೆ ಕೇಳುತ್ತೇನೆ, ನಾಚಿಕೊಳ್ಳದೆ ಹೇಳಿ. ಏರು ಹತ್ತುವಾಗ ಹಾರ್ಟ್ ರೇಟ್ ಎಷ್ಟು? ಆ 18 ಕಿ.ಮೀ.ಗೆ ಎಷ್ಟು ಹೊತ್ತು, ಒಟ್ಟು ಎಷ್ಟು ಕುಡಿದಿರಿ? ಓಡುವ ಮುಂಚೆ ಯಾವುದಾದರೂ ಮಾತ್ರೆ ನುಂಗಿದ್ರಾ? ಕೊನೆಯದು, ಇದೇ ಮುಖ್ಯ: ಒಂದು ಫ್ಲಾಸ್ಕ್‌ಗೆ ಓಆರ್‌ಎಸ್ ಎಷ್ಟು ಹಾಕುತ್ತೀರಿ?

ಸುಸ್ತಾದ ಆಮೆ:

ಮೇಡಂ, ಏರಿನಲ್ಲಿ 165ರಿಂದ 170. ಎರಡೂವರೆ ಗಂಟೆ, ಎರಡೂ ಫ್ಲಾಸ್ಕ್ ಖಾಲಿ, ಅಂದರೆ ಒಂದು ಲೀಟರ್. ಮಾತ್ರೆ ಹೌದು, ಮಂಡಿ ನೋವಿಗೆ ಒಂದು ಪೇನ್ ಕಿಲ್ಲರ್, ಹೊರಡುವ ಮುಂಚೆ. ಓಆರ್‌ಎಸ್ ಒಂದು ಫ್ಲಾಸ್ಕ್‌ಗೆ ಒಂದು ಪೊಟ್ಟಣ. ಪೂರ್ತಿ.

ಬೆಟ್ಟದ ಹಾದಿ:

ಸಿಕ್ಕಿತು. ಅಡುಗೆಮನೆಗೆ ಹೋಗಿ ಆ ಪೊಟ್ಟಣದ ಹಿಂಬದಿ ಓದಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. 200 ಮಿ.ಲೀ.ಗೆ ಅಂತ ಸಣ್ಣ ಪೊಟ್ಟಣ ಬೇರೆ ಬರುತ್ತದೆ. ನೀವು ಒಂದು ಲೀಟರಿಗೆ ಹಾಕಬೇಕಾದ್ದನ್ನು ಅರ್ಧ ಲೀಟರಿಗೆ ಸುರಿದಿದ್ದೀರಿ. ಕುಡಿದಷ್ಟೂ ಬಾಯಾರಿಕೆ ಅಂದಾಗಲೇ ನನಗೆ ಅನುಮಾನ ಬಂದಿತ್ತು.

ಲೆಕ್ಕ ನೋಡಿ. ಡಬ್ಲ್ಯುಎಚ್ಒ ಸೂತ್ರದ ಓಆರ್‌ಎಸ್ ಒಂದು ಲೀಟರಿನಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಸೋಡಿಯಂ ಒಟ್ಟು ಸುಮಾರು 1.7 ಗ್ರಾಂ ಆಗುತ್ತದೆ. ಅದರ ಸಾಂದ್ರತೆ, ಅಂದರೆ ನೀರಿನಲ್ಲಿ ಕರಗಿದ ಕಣಗಳ ಲೆಕ್ಕ, ಲೀಟರಿಗೆ 245 ಮಿಲಿಆಸ್ಮೋಲ್. ಮುಂಚೆ 311 ಇತ್ತು, ಅದು ಜಾಸ್ತಿಯಾಯಿತು ಅಂತ 2002ರಲ್ಲಿ ಇಳಿಸಿದರು. ನಮ್ಮ ರಕ್ತದ್ದು 290ರ ಆಸುಪಾಸು. ರಕ್ತಕ್ಕಿಂತ ತೆಳುವಾಗಿದ್ದರೆ ಕರುಳು ನೀರನ್ನು ಬೇಗ ಎಳೆದುಕೊಳ್ಳುತ್ತದೆ. ನಿಮ್ಮ ಫ್ಲಾಸ್ಕ್‌ನಲ್ಲಿ ಇದ್ದದ್ದು 490. ಅಷ್ಟು ಗಟ್ಟಿ ಇದ್ದರೆ ಉಲ್ಟಾ, ಅದನ್ನು ತೆಳು ಮಾಡೋಕೆ ಮೈಯ ನೀರೇ ಕರುಳಿಗೆ ಇಳಿಯುತ್ತದೆ. ಗುಳುಗುಳು ಅಂದದ್ದು ಅದೇ. ಉಪ್ಪಿನಕಾಯಿ ಜಾಡಿಗೆ ಹಾಕಿದ ಮಾವಿನ ಹೋಳು ನೀರು ಬಿಡಲ್ವಾ, ಹಾಗೆ ಅಂದುಕೊಳ್ಳಿ.

ಅದರ ಮೇಲೆ ಜೆಲ್. ಜೆಲ್ ಅಂದರೆ ಗಟ್ಟಿ ಪಾಕ, ಅದಕ್ಕೆ ಸಾದಾ ನೀರು ಬೇಕು, ಒಂದು ಜೆಲ್‌ಗೆ ಸುಮಾರು ಒಂದು ಲೋಟ. ನಿಮ್ಮ ಹತ್ತಿರ ಸಾದಾ ನೀರು ಒಂದು ಗುಟುಕೂ ಇರಲಿಲ್ಲ. ಪಾಕದ ಮೇಲೆ ಉಪ್ಪುನೀರು ಬಿಟ್ಟಿದ್ದೀರಿ. ಹಾಫ್ ಮ್ಯಾರಥಾನ್‌ನಲ್ಲಿ ಯಾಕೆ ಆಗಲಿಲ್ಲ ಅಂದರೆ ಅಲ್ಲಿ ಎರಡು ಕಿ.ಮೀ.ಗೊಮ್ಮೆ ಟೇಬಲ್ ಮೇಲೆ ಸಾದಾ ನೀರು ಇಟ್ಟಿರುತ್ತಾರೆ. ಜೆಲ್ ಕಂಪನಿಗಳನ್ನು ಬೈಯುವುದು ಬಿಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಅನ್ನುವುದು ನಮ್ಮಂಥವರಿಗೆ ಸರಿಯಾದ ಅಳತೆ, ಜೆಲ್, ಓಆರ್‌ಎಸ್ ಎರಡೂ ಸೇರಿ ನಿಮ್ಮದು 40 ಚಿಲ್ಲರೆ ಆಗುತ್ತಿದೆ.

ಇನ್ನೆರಡು ಮಾತು. ಎರಡೂವರೆ ಗಂಟೆ ಓಡುವ ದಿನ 170 ಬಡಿತದಲ್ಲಿ ಏರು ಹತ್ತಬೇಡಿ, ನಡೆಯಿರಿ. ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋದರೆ ಹೊಟ್ಟೆಗೆ ಉಳಿಯುವುದು ಕಡಿಮೆ, ಒಳಗೆ ಹೋದದ್ದು ಅಲ್ಲೇ ಕೂರುತ್ತದೆ. ನಡೆಯೋಕೆ ನಾಚಿಕೆ ಆಗೋದು ರಸ್ತೆ ಓಟಗಾರರಿಗೆ ಮಾತ್ರ. ಆಮೇಲೆ ಆ ಪೇನ್ ಕಿಲ್ಲರ್. ಐಬುಪ್ರೊಫೇನ್ ಜಾತಿಯದಾಗಿದ್ದರೆ ದಯವಿಟ್ಟು ನಿಲ್ಲಿಸಿ. ಬೆವರಿ ನೀರು ಕಡಿಮೆಯಾದ ಮೈಗೆ ಅದನ್ನು ಹಾಕಿದರೆ ಹೊಟ್ಟೆಗೂ ಪೆಟ್ಟು, ಕಿಡ್ನಿಗೂ ಪೆಟ್ಟು. ಮಾತ್ರೆ ಇಲ್ಲದೆ ಓಡೋಕಾಗಲ್ಲ ಅಂದ್ರೆ ಅವತ್ತು ಓಡಬಾರದು, ಮಂಡಿ ತೋರಿಸಬೇಕು.

ಸುಸ್ತಾದ ಆಮೆ:

ಓದಿದೆ. "1 ಲೀಟರ್ ನೀರಿನಲ್ಲಿ" ಅಂತ ಕನ್ನಡದಲ್ಲೇ ಬರೆದಿದೆ. ಮಗಳಿಗೆ ಭೇದಿಯಾದಾಗ ಇದೇ ಪೊಟ್ಟಣ ಪಾತ್ರೆಯಲ್ಲಿ ಅಳೆದು ಕಲಸಿದ್ದೆ. ನನಗೇ ಅಂದಾಗ ಅಳತೆ ಮರೆತುಹೋಯಿತು. ಹಾಗಾದರೆ ಇನ್ಮೇಲೆ ಬರೀ ಸಾದಾ ನೀರು ಜಾಸ್ತಿ ಕುಡಿದರೆ ಸಾಕಾ?

ಬೆಟ್ಟದ ಹಾದಿ:

ಅಯ್ಯೋ, ಆ ಕಡೆಯಿಂದ ಈ ಕಡೆಗೆ ಹಾರಬೇಡಿ. ಸಾದಾ ನೀರನ್ನೇ ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದಕ್ಕೂ ವಾಂತಿ, ತಲೆನೋವು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಿಗೆ ಸೋಡಿಯಂ ಕಡಿಮೆ ಆಗಿತ್ತು. ಓಟ ಮುಗಿಸಿದಾಗ ತೂಕ ಏರಿದ್ದವರಲ್ಲೇ ಅದು ಎದ್ದು ಕಂಡಿತು. ವಾಂತಿಯ ಜೊತೆ ಮಾತು ತೊದಲಿದರೆ, ಗೊಂದಲ ಆದರೆ ಇನ್ನಷ್ಟು ನೀರು ಕುಡಿಸಬಾರದು, ಸೀದಾ ಆಸ್ಪತ್ರೆ.

ತೂಕ ನೋಡಿ. ಓಡುವ ಮುಂಚೆ ಬಟ್ಟೆ ಇಲ್ಲದೆ, ಒಂದು ಗಂಟೆ ಓಡಿ ಬಂದು ಮೈ ಒರೆಸಿಕೊಂಡು ಇನ್ನೊಮ್ಮೆ. ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಲೀಟರ್ ಬೆವರು. ನಡುವೆ ಕುಡಿದದ್ದನ್ನು ಕೂಡಿಸಿಕೊಳ್ಳಿ. ಕಳೆದದ್ದನ್ನೆಲ್ಲ ತುಂಬಬೇಕಿಲ್ಲ, ಆದರೆ ಏರಬಾರದು.

ಕೆಂಪು ಮಣ್ಣು:

ಇಷ್ಟೆಲ್ಲ ಲೆಕ್ಕ ಯಾಕೆ ಸ್ವಾಮಿ? ಎಳನೀರು, ಖರ್ಜೂರ, ಕಡ್ಲೆ ಮಿಠಾಯಿ. ನಮ್ಮ ತಾತಂದಿರು ಜೆಲ್ ತಿಂದು ಹೊಲ ಉತ್ತರಾ?

ಬೆಟ್ಟದ ಹಾದಿ:

ತಾತಂದಿರು ಎಂಟು ಗಂಟೆಗೆ ಬದುವಿನ ಮೇಲೆ ಕೂತು ಮುದ್ದೆ ಉಂಡರು, 170 ಬಡಿತದಲ್ಲಿ ಓಡುತ್ತಾ ಅಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ, ಅದು ಎಳನೀರಿನಲ್ಲಿ ಕಡಿಮೆ. ಓಡಿ ಮುಗಿಸಿ ಕುಡಿಯಿರಿ, ಸ್ವರ್ಗ. ಕಡ್ಲೆ ಮಿಠಾಯಿಯಲ್ಲಿ ಕಡ್ಲೆಯ ಎಣ್ಣೆ ಅಂಶ ಇದೆ, ನಿಧಾನ ಇಳಿಯುತ್ತದೆ. ನಡೆದು ಹತ್ತುವಾಗ ಪರವಾಗಿಲ್ಲ, ಓಡುವಾಗ ಗಂಟಲಲ್ಲಿ ಚೂರು ಸಿಕ್ಕಿ ಕೆಮ್ಮು. ಖರ್ಜೂರಕ್ಕೆ ಮಾತ್ರ ಪೂರ್ತಿ ಒಪ್ಪಿಗೆ, ಬೀಜ ತೆಗೆದು ಚೂರು ಉಪ್ಪು ಸವರಿಡಿ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ನಾನು ಕುಡಿಯೋದು ನಿಂಬೆ ಪಾನಕ. ಒಂದು ಲೀಟರ್ ನೀರು, 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಸೋಡಿಯಂ ಅರ್ಧ ಗ್ರಾಂಗೆ ಸ್ವಲ್ಪ ಮೇಲೆ ಸಿಗುತ್ತದೆ. ಗ್ಲೂಕೋಸ್ ಫ್ರಕ್ಟೋಸ್ ಎರಡೂ ಇರುವ ಪುಡಿ ಅಂತ ಡಬ್ಬ ಡಬ್ಬ ಮಾರುತ್ತಾರಲ್ಲ, ಸಕ್ಕರೆ ಅಂದ್ರೆ ಅದೇ ಕಣ್ರೀ, ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಇದು ಕುಡಿಯುವಾಗ ಜೆಲ್ ಬೇಡ, ಜೆಲ್ ತಿನ್ನುವಾಗ ಸಾದಾ ನೀರು. ಒಂದು ಫ್ಲಾಸ್ಕ್ ಪಾನಕ, ಇನ್ನೊಂದು ಸಾದಾ. ಓಆರ್‌ಎಸ್ ಮಾಡಿದ್ದೇ ಭೇದಿಯಾದವರಿಗೆ. ಅದರಲ್ಲಿ ಉಪ್ಪು ಜಾಸ್ತಿ, ಶಕ್ತಿ ಕಡಿಮೆ. ಕುಡಿಯಲೇಬೇಕು ಅಂದ್ರೆ ಅರ್ಧ ಪೊಟ್ಟಣ ಅರ್ಧ ಲೀಟರಿಗೆ.

ನಾಲ್ಕನೇ ಬ್ಲಾಕ್:

ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಸಿಹಿಸಿಹಿ ಡಬ್ಬಿಗಳನ್ನೂ ಓಆರ್‌ಎಸ್ ಅಂತ ತಿಳಿದು ಕುಡಿದಿದ್ದೇನೆ ನಾನು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನವರು ಆ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಹಾಕಬಾರದು ಅಂದಮೇಲೆ ಗೊತ್ತಾಯಿತು.

ಲೇಸ್ ಬಿಚ್ಚಿದೋನು:

ವಿಷಯ ಬೇರೆ, ಆದ್ರೂ ಕೇಳುತ್ತೇನೆ. ಆಮೆಯವರೇ, ನಂದಿ ಇಳಿದ ಮೇಲೆ ಹೆಬ್ಬೆರಳ ಉಗುರು ಕಪ್ಪಾಗಿದೆಯಾ? ರಸ್ತೆಯಿಂದ ಬಂದವರಿಗೆಲ್ಲ ಆಗುತ್ತದೆ.

ಸುಸ್ತಾದ ಆಮೆ:

ನಿಮಗೆ ಹೇಗೆ ಗೊತ್ತಾಯ್ತು? ಎರಡೂ ಕಾಲಿನದು.

ಲೇಸ್ ಬಿಚ್ಚಿದೋನು:

ಇಳಿಜಾರಿನಲ್ಲಿ ಪಾದ ಮುಂದೆ ಜಾರಿ ಶೂ ತುದಿಗೆ ಗುದ್ದುತ್ತದೆ, ಸಾವಿರಾರು ಸಲ. ಶೂ ಸಂಜೆ ಹೊತ್ತು ಕೊಳ್ಳಿ, ಪಾದ ಊದಿರುತ್ತದೆ. ಓಡುವ ಸಾಕ್ಸ್ ಹಾಕಿಕೊಂಡೇ ಹಾಕಿ ನೋಡಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಶೂನ ಮೇಲ್ತುದಿಯಲ್ಲಿ ಒಂದು ತೂತು ಸುಮ್ನೆ ಖಾಲಿ ಇರುತ್ತಲ್ಲ, ಅದು ಅಲಂಕಾರಕ್ಕಲ್ಲ. ಲೇಸನ್ನು ಅದೇ ಬದಿಯ ತೂತಿಗೆ ಹಾಕಿ ಕಿವಿಯ ಹಾಗೆ ಕುಣಿಕೆ ಮಾಡಿ, ಈ ಕಡೆ ತುದಿಯನ್ನು ಆ ಕಡೆ ಕುಣಿಕೆಯೊಳಗೆ ತೂರಿಸಿ ಕೆಳಮುಖ ಎಳೆಯಿರಿ. ಹಿಮ್ಮಡಿ ಗಟ್ಟಿ ಕೂರುತ್ತದೆ. ಉಗುರು ಹಿಂದಿನ ದಿನವೇ ಕತ್ತರಿಸಿ.

ಸಾವನದುರ್ಗಕ್ಕೆ ಹೋಗುವುದಾದರೆ ಅಡಿಭಾಗದಲ್ಲಿ ಹಲ್ಲು ಉದ್ದ ಇರುವ ಶೂ ನಂಬಬೇಡಿ. ಆ ಹಲ್ಲು ಮಣ್ಣಿಗೆ, ಬಂಡೆಗೆ ಬೇಕಾದ್ದು ಮೆತ್ತನೆ ರಬ್ಬರ್. ಮಳೆ ಬಂದ ಮಾರನೇ ದಿನವಂತೂ ಹೋಗಲೇಬೇಡಿ.

ಸುಸ್ತಾದ ಆಮೆ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ತೂಕದ ಪರೀಕ್ಷೆ ಮಾಡಿದೆ. ಹೊರಡುವಾಗ 74.2, ಒಂದು ಗಂಟೆ ಆದ ಮೇಲೆ 73.1, ನಡುವೆ 300 ಮಿ.ಲೀ. ಕುಡಿದಿದ್ದೆ. ಅಂದರೆ ಗಂಟೆಗೆ 1.4 ಲೀಟರ್ ಬೆವರು! ಎರಡೂವರೆ ಗಂಟೆಗೆ ಒಂದು ಲೀಟರ್, ಅದೂ ಉಪ್ಪುನೀರು ಹೊತ್ತು ಹೋಗುತ್ತಿದ್ದೆ ಅಂತ ನೆನೆದರೆ ನಗು ಬರುತ್ತದೆ. ಈಗ ದಾರಿ ಬದಲಾಯಿಸಿದ್ದೇನೆ. ಒಂದೇ ಉದ್ದದ ದಾರಿ ಬಿಟ್ಟು ಎಂಟು ಕಿ.ಮೀ. ಸುತ್ತು, ಪ್ರತಿ ಸುತ್ತಿಗೂ ಕಾರಿನ ಹತ್ತಿರ ಬಂದು ಫ್ಲಾಸ್ಕ್ ತುಂಬಿಸಿಕೊಳ್ಳುವುದು.

ಮೊದಲ ಭಾನುವಾರ 16, ಎರಡನೆಯದು 20. ನಿನ್ನೆ 24 ಕಿ.ಮೀ., ಮೂರು ಗಂಟೆ ಇಪ್ಪತ್ತು ನಿಮಿಷ, ವಾಂತಿ ಇಲ್ಲ. ಮೊದಲಿನ ಬ್ರ್ಯಾಂಡ್ ಜೆಲ್ಲನ್ನೇ ತಿಂದೆ. ಏರು ಬಂದಾಗಲೆಲ್ಲ ನಡೆದೆ, 150 ದಾಟಲಿಲ್ಲ. 21ರ ಹತ್ತಿರ ಒಂದು ಸಲ ಹೊಟ್ಟೆ ಮುರಿದಂತಾಯಿತು. ಹತ್ತು ನಿಮಿಷ ನಡೆದು ಸಾದಾ ನೀರು ಗುಟುಕು ಗುಟುಕಾಗಿ ಕುಡಿದೆ, ಹೋಯಿತು. ಪೇನ್ ಕಿಲ್ಲರ್ ನಿಲ್ಲಿಸಿ ಫಿಸಿಯೋ ಹತ್ತಿರ ಹೋದೆ, ತೊಡೆಯಲ್ಲಿ ಬಲ ಇಲ್ಲ ಅಂದರು, ಮೆಟ್ಟಿಲು ನಿಧಾನ ಇಳಿಯುವ ವ್ಯಾಯಾಮ ನಡೆದಿದೆ.

ಆ ಮೋರಿ ಕಟ್ಟೆ ಹತ್ತಿರ ಅಜ್ಜ ಮತ್ತೆ ಸಿಕ್ಕಿದ್ದರು. "ಬಿಟ್ಟ್ಯಾ?" ಅಂದರು. "ಬಿಟ್ಟೆ ತಾತಾ" ಅಂದೆ.

ಈಗ ಹೊಸ ತಲೆನೋವು. ಪಾನಕ ತುಂಬಿದ್ದ ಫ್ಲಾಸ್ಕ್ ಒಂದು ರಾತ್ರಿ ವೆಸ್ಟ್‌ನಲ್ಲೇ ಮರೆತೆ, ಬೆಳಿಗ್ಗೆ ಮೆರವಣಿಗೆಯಲ್ಲಿ ಇರುವೆ. ತೊಳೆದರೂ ಹುಳಿ ವಾಸನೆ ಹೋಗುತ್ತಿಲ್ಲ. ಏನು ಮಾಡಲಿ?

ಬೆಟ್ಟದ ಹಾದಿ:

ಅಡುಗೆ ಸೋಡಾ ಹಾಕಿದ ಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ, ಬಾಯಿ ಮುಚ್ಚಳ ಬಿಚ್ಚಿ ಬೇರೆ ತೊಳೆಯಿರಿ, ಇರುವೆ ಅಡಗೋದು ಅಲ್ಲೇ. ಒಳಗೆ ಟಿಶ್ಯೂ ತುರುಕಿ ಒಣಗಿಸಿ. ಬಳಸದ ದಿನ ಫ್ರೀಜರ್‌ನಲ್ಲಿಟ್ಟುಬಿಡಿ, ಬೂಸ್ಟು ಹಿಡಿಯಲ್ಲ. ಮನೆಯವರಿಗೆ ಮೊದಲೇ ಹೇಳಿಡಿ, ನಮ್ಮ ಅತ್ತೆ ಅದನ್ನು ಹಾಲಿನ ಖಾಲಿ ಪ್ಯಾಕೆಟ್ ಅಂತ ಎಸೆದಿದ್ದಾರೆ.